ನಾಲ್ಕು ಗಂಟೆಯ ಗುಡ್ಡ

ತಾನೇ ಓಡುವ ಬಸ್ಸುಗಳು ಬಂದು ಎಷ್ಟೋ ವರ್ಷವಾದರೂ ಅರಬೈಲು ಘಟ್ಟಕ್ಕೆ ಮಾತ್ರ ಮನುಷ್ಯನೇ ಬೇಕಾಗಿದ್ದ. ಬಯಲುಸೀಮೆಯ ನೇರ ರಸ್ತೆಯಲ್ಲಿ ಆ ಬಸ್ಸುಗಳು ಸಾಧುವಾಗಿ ಓಡುತ್ತಿದ್ದವು. ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ, ಮಗ್ಗುಲಲ್ಲಿ ಕಂದಕ, ನಡುವೆ ಒಂದು ಎಮ್ಮೆ ಬಂತೆಂದರೆ ಯಾರನ್ನು ಉಳಿಸಬೇಕೆಂದು ಲೆಕ್ಕ ಹಾಕುತ್ತ ನಿಂತುಬಿಡುತ್ತಿದ್ದವು. ಎಮ್ಮೆಗೆ ಅಷ್ಟು ಪುರುಸೊತ್ತು ಇರುತ್ತದೆ, ಲಾರಿಗೆ ಇರುವುದಿಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಪಡುವಣ ಸಾರಿಗೆ ಸಂಘದ ಬಸ್ಸುಗಳಲ್ಲಿ ಚಾಲಕರು ಉಳಿದುಕೊಂಡರು. ಅವರ ಜೊತೆಗೆ ಅವರ ಹೃದಯಗಳ ಚಿಂತೆಯೂ ಉಳಿದುಕೊಂಡಿತು.

ಆ ಚಿಂತೆಗೆ ಸಂಘ ಕಂಡುಕೊಂಡ ಉಪಾಯವೇ ತಾಯತ. ಕಂಪನಿ ಇಟ್ಟ ಹೆಸರು ಬೇರೆ ಏನೋ ಇತ್ತು, ಯಾರ ನಾಲಿಗೆಗೂ ಹೊರಳಲಿಲ್ಲ. ರಟ್ಟೆಗೆ ಕಟ್ಟುವ ಪುಟ್ಟ ಡಬ್ಬಿಯನ್ನು ಹುಬ್ಬಳ್ಳಿಯ ಜನ ತಾಯತ ಅನ್ನದೆ ಇನ್ನೇನು ಅಂದಾರು? ಅದು ಬೆವರಿನಲ್ಲಿರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯುತ್ತದೆ, ನಾಡಿ ಹಿಡಿಯುತ್ತದೆ, ರಕ್ತದೊತ್ತಡ ಅಂದಾಜು ಮಾಡುತ್ತದೆ, ಎಲ್ಲವನ್ನೂ ಹಗಲಿರುಳು ಕಣ್ಗಾವಲು ಕೊಠಡಿಗೆ ಕಳಿಸುತ್ತದೆ. ಕಟ್ಟಿಕೊಂಡವನು ಎಲ್ಲಿದ್ದಾನೆ ಎಂದು ಮಾತ್ರ ಹೇಳುವುದಿಲ್ಲ. ಚಾಲಕರು ಮುಷ್ಕರ ಹೂಡಿ ಅದೊಂದನ್ನು ತೆಗೆಸಿದ್ದರು. ಬಸ್ಸು ಎಲ್ಲಿದೆಯೋ ಚಾಲಕ ಅಲ್ಲಿರುತ್ತಾನೆ, ಇನ್ನೇಕೆ ಬೇಕು ಎಂದು ಸಂಘವೂ ಒಪ್ಪಿತ್ತು.

ಕಾರ್ಟಿಸಾಲ್ ಕೆಟ್ಟದ್ದೇನಲ್ಲ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಎರಡು ಗ್ರಂಥಿಗಳು ಅದನ್ನು ಒಸರುತ್ತವೆ. ನಮ್ಮನ್ನು ಬೆಳಗ್ಗೆ ಎಬ್ಬಿಸುವುದು ಅದೇ, ಹುಲಿ ಕಂಡಾಗ ಓಡಿಸುವುದೂ ಅದೇ. ಆರೋಗ್ಯವಂತರಲ್ಲಿ ಅದರ ಗೆರೆ ಬೆಳಗ್ಗೆ ಏರುತ್ತದೆ, ದಿನವಿಡೀ ಇಳಿಯುತ್ತದೆ, ನಡುರಾತ್ರಿಗೆ ನೆಲ ಮುಟ್ಟುತ್ತದೆ. ನೆಲ ಮುಟ್ಟದಿದ್ದರೆ ಕುತ್ತು. ಆಗ ಮೈ ಸದಾ ಹುಲಿಯ ಮುಂದೆ ನಿಂತಂತೆ ಬದುಕುತ್ತದೆ, ಹುಲಿ ಮಾತ್ರ ಇರುವುದಿಲ್ಲ. ಒತ್ತಡ ಏರುತ್ತದೆ, ಸಕ್ಕರೆ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ನಿಯಮ ಸರಳವಾಗಿತ್ತು. ತಾಯತದ ದೀಪ ಹಸಿರಿದ್ದರೆ ಕೈಗೆ ಸ್ಟೇರಿಂಗು, ಕೆಂಪಾದರೆ ಮನೆ. ಮೂರು ಸಲ ಕೆಂಪಾದವನು ಘಟ್ಟದ ರೂಟು ಬಿಟ್ಟು ಡಿಪೊದಲ್ಲಿ ಬಸ್ಸು ತೊಳೆಯಬೇಕು.

ಈ ಕಣ್ಗಾವಲು ಕೊಠಡಿಯ ಮುಖ್ಯಸ್ಥೆ ಡಾಕ್ಟರ್ ವಾರಿಜಾ ಹೊಂಬಳ. ಹಾರ್ಮೋನುಗಳ ವಿಷಯದಲ್ಲಿ ದೊಡ್ಡ ಹೆಸರು. ಧಾರವಾಡದವರು, ಕಾಲೇಜಿನಲ್ಲಿ ಪಾಠ ಹೇಳಿದವರು, ಒಂಟಿ ಜೀವ, ಮನೆಯಲ್ಲಿ ರೊಟ್ಟಿ ಬಡಿಯಲಿಕ್ಕೂ ಯಂತ್ರ ಇಟ್ಟುಕೊಂಡವರು. ಅವರಿಗೆ ಹೆಸರು ತಂದದ್ದು 'ನಾಲ್ಕು ಗಂಟೆಯ ಗುಡ್ಡ'. ಚಾಲಕರ ಗೆರೆಗಳನ್ನು ವರ್ಷಗಟ್ಟಲೆ ನೋಡಿ ಅವರು ಒಂದು ಸಂಗತಿ ಕಂಡುಹಿಡಿದಿದ್ದರು: ಬೆಳಗಿನ ಜಾವ ನಾಲ್ಕಕ್ಕೆ ಎಲ್ಲ ಚಾಲಕರ ಕಾರ್ಟಿಸಾಲೂ ಗುಡ್ಡ ಹತ್ತುತ್ತದೆ, ಡ್ಯೂಟಿ ಮಧ್ಯಾಹ್ನಕ್ಕಿದ್ದವನದೂ ಹತ್ತುತ್ತದೆ. ಚಾಲಕನ ದೇಹ ನಿದ್ದೆಯಲ್ಲೇ ರಸ್ತೆಗೆ ಸಿದ್ಧವಾಗುತ್ತದೆ ಎಂದು ಅವರು ವಿವರಿಸಿದ್ದರು. ಇನ್ನೊಂದು ವಿಚಿತ್ರವೂ ಇತ್ತು. ರಜೆಯ ದಿನ, ಹಬ್ಬದ ದಿನ ಗೆರೆ ಇಳಿಯುವ ಬದಲು ಏರುತ್ತಿತ್ತು. ರಸ್ತೆಯ ಚಟ ಹತ್ತಿದ ದೇಹ ರಸ್ತೆಯಿಲ್ಲದೆ ಚಡಪಡಿಸುತ್ತದೆ ಎಂದು ಅದಕ್ಕೂ ವಿವರಣೆ ಕೊಟ್ಟಿದ್ದರು. ದಿಲ್ಲಿಯ ಸಮ್ಮೇಳನದಲ್ಲಿ ಸಭಿಕರೆಲ್ಲ ತಲೆದೂಗಿದರು. ಗಂಡಸರೇ ತುಂಬಿದ್ದ ಸಭೆ ಅದು.

ಒಂದೇ ಒಂದು ಮುಳ್ಳು ಅವರ ಮನಸ್ಸಿನಲ್ಲಿ ಉಳಿದಿತ್ತು. ಹಿಂದೊಮ್ಮೆ ರುದ್ರಗೌಡ ಎಂಬ ಚಾಲಕ ಸ್ಟೇರಿಂಗಿನ ಮೇಲೆಯೇ ಎದೆ ಒಡೆದು ಸತ್ತಿದ್ದ. ಅವನ ಗೆರೆ ಅಂದು ಹಸಿರಾಗಿತ್ತು. ಅಷ್ಟೇ ಅಲ್ಲ, ಸತ್ತ ಮೇಲೂ ಸ್ವಲ್ಪ ಹೊತ್ತು ಹಸಿರಾಗಿಯೇ ಓಡಿ, ಆಮೇಲೆ ಒಮ್ಮೆಲೆ ಆಕಾಶಕ್ಕೆ ಜಿಗಿದಿತ್ತು. ಯಂತ್ರದ ಗಡಿಯಾರ ಹಿಂದೆ ಬಿದ್ದಿರಬೇಕು ಎಂದು ಬರೆದು ಆ ಪ್ರಕರಣ ಮುಗಿಸಿದ್ದರು.

"ಅಕ್ಕಾರ, ಈ ಗೆರಿ ಸ್ವಲ್ಪ ನೋಡ್ರಿ," ಎಂದು ಕರೆದವರು ಯಂತ್ರಗಳನ್ನು ನೋಡಿಕೊಳ್ಳುವ ನದಾಫ ಅವರು. ಗೋಡೆಯ ಪರದೆಯ ಮೇಲೆ ಒಂದು ಹೆಸರು: ಮೈಲಾರಿ ಬಾರ್ಕೇರ. "ಒಂದು ತಿಂಗಳಾತ್ರಿ. ರಾತ್ರಿ ಇಳ್ಯಾಕs ಒಲ್ಲದು. ಇವತ್ತು ಮುಂಜಾನೆ ಕೆಂಪಾಗೇತ್ರಿ."

ವಾರಿಜಾ ಕನ್ನಡಕ ಏರಿಸಿ ನೋಡಿದರು. ನಾಲ್ಕರ ಗುಡ್ಡವೂ ಇಲ್ಲ, ಸಂಜೆಯ ಇಳಿಜಾರೂ ಇಲ್ಲ, ನಡುರಾತ್ರಿಯ ನೆಲವೂ ಇಲ್ಲ. ಗೆರೆ ಎತ್ತರದಲ್ಲೇ ಅಡ್ಡಡ್ಡ ಮಲಗಿತ್ತು. ಒತ್ತಡ ಅದರ ಬೆನ್ನು ಹತ್ತಿ ಏರುತ್ತಿತ್ತು. ಹೃದಯ ಕೈಕೊಡುವ ಸಂಭವವನ್ನು ಯಂತ್ರ ಲೆಕ್ಕ ಹಾಕಿ ಮೂಲೆಯಲ್ಲಿ ತೋರಿಸಿತ್ತು. ಅಂಥ ಅಂಕಿಯನ್ನು ಆ ಕೊಠಡಿಯಲ್ಲಿ ಯಾರೂ ಕಂಡಿರಲಿಲ್ಲ.

"ಇದು ಬರೇ ಒತ್ತಡ ಅಲ್ಲ, ನದಾಫ. ಗ್ರಂಥಿಯೊಳಗ ಗಡ್ಡಿ ಇರಬೇಕು. ಇವತ್ತs ಕರಸ್ರಿ ಅವನ್ನ," ಅಂದರು.

ಮೈಲಾರಿ ಬಂದ. ವಾರಿಜಾ ಬಾಗಿಲ ಕಡೆಗೆ ನೋಡಿ ಬೆರಗಾದರು. ಅಂಥ ಗೆರೆಯ ಮನುಷ್ಯ ದುಂಡು ಮುಖದವನಾಗಿರಬೇಕು, ಏದುಸಿರು ಬಿಡುತ್ತ ಬರಬೇಕು. ಇವನೋ ಒಣಗಿದ ಹುಣಸೆ ಬರಲಿನ ಹಾಗೆ ತೆಳ್ಳಗಿದ್ದ. ಖಾಕಿ ಅಂಗಿಯ ತೋಳಿನೊಳಗೆ ತಾಯತ ಕಟ್ಟಿತ್ತು. ಒತ್ತಡ ನೋಡಿದರು, ಸರಿ ಇತ್ತು. ರಕ್ತ ತೆಗೆದು ಅಲ್ಲೇ ಯಂತ್ರಕ್ಕೆ ಹಾಕಿದರು. ಸಕ್ಕರೆ ಸರಿ, ಕಾರ್ಟಿಸಾಲ್ ಸರಿ.

"ಏನಪಾ, ಬೆನ್ನಮ್ಯಾಲೆ, ಕುತ್ತಿಗಿ ಕೆಳಗ ಏನರೆ ಉಬ್ಬೇದೇನು?"

"ಇಲ್ರಿ."

"ಮುಖ ದುಂಡಗಾಗಿ, ಕೈಕಾಲು ಸಣ್ಣಾಗ್ತಾವ. ಹಂಗೇನರೆ?"

"ಇಲ್ರಿ," ಅಂದ ಮೈಲಾರಿ. ಈ ಸಲ ಸ್ವಲ್ಪ ತಡವಾಗಿ ಅಂದ.

"ಹೊಟ್ಟಿಮ್ಯಾಲೆ ನೇರಳಿ ಬಣ್ಣದ ಗೆರಿ? ಸುಮ್ಮನ ತಾಗಿದ್ರೂ ಮೈ ನೀಲಿಗಟ್ಟೂದು? ಕೂತಲ್ಲಿಂದ ಏಳಾಕ ಗ್ವಾಡಿ ಹಿಡೀಬೇಕಾಗೂದು?"

ಮೈಲಾರಿಯ ಕಣ್ಣು ವಾರಿಜಾ ಅವರ ಮೇಲಿತ್ತು, ನೋಟ ಮಾತ್ರ ಬೇರೆಲ್ಲೋ ಹೋಗಿತ್ತು.

"ಹೆಂಗಸರಿಗೆ ಹೆಚ್ಚು ಬರೂ ಬ್ಯಾನಿ ಇದು," ವಾರಿಜಾ ತಮಗೆ ತಾವೇ ಅಂದುಕೊಂಡ ಹಾಗೆ ಹೇಳಿದರು. "ಜನ ಏನಂತಾರ, ಮೈಕೈ ತುಂಬ್ಕೊಂಡಾಳ, ಚಂದ ಆಗ್ಯಾಳ ಅಂತಾರ. ಒಳಗ ಎದಿ ಸೋತು ಹೋಗಿರ್ತದ. ಗೊತ್ತಾದ ಮ್ಯಾಲೆ ಒಂದು ದಿನಾನೂ ತಡಾ ಮಾಡಬಾರದು. ನಿನಗ ಏನೂ ಇಲ್ಲ, ದೇವರ ದಯಾ. ಈ ತಾಯತನs ಕೆಟ್ಟದ." ಹೊಸ ತಾಯತ ತೆಗೆದು ಅವನ ರಟ್ಟೆಗೆ ತಾವೇ ಕಟ್ಟಿದರು. "ಹೊಸಾದು ಮೈಗೆ ಹೊಂದೂತನಾ ನಾಕು ದಿನ ಕೆಂಪಾದ್ರೂ ಲೆಕ್ಕಕ್ಕಿಲ್ಲ. ಡ್ಯೂಟಿಗೆ ಹೋಗು."

ಡ್ಯೂಟಿ ಉಳಿಯಿತು ಎಂದು ಖುಷಿಪಡಬೇಕಾದವನು ತಲೆ ಬಗ್ಗಿಸಿಕೊಂಡು ಎದ್ದುಹೋದದ್ದನ್ನು ನದಾಫ ಗಮನಿಸಿದರು. ಗಾಬರಿ ಇನ್ನೂ ಇಳಿದಿಲ್ಲ ಅಂದುಕೊಂಡರು.

ಹಳೇ ಹುಬ್ಬಳ್ಳಿಯ ಅಂಚಿನಲ್ಲಿ ಸಂಘದ ಚಾಲಕರ ಚಾಳು. ಎದುರುಬದುರು ಮನೆಗಳು, ನಡುವೆ ನಳ, ನಳದ ಸುತ್ತ ಪಾತ್ರೆಗಳು. ಮೈಲಾರಿ ಮನೆ ಮುಟ್ಟಿದಾಗ ಅವನ ಹೆಂಡತಿ ಕಸ್ತೂರಿ ಅಡುಗೆಮನೆಯಲ್ಲಿ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಗಂಡನ ಸದ್ದು ಕೇಳಿ ಎದ್ದಳು. ಏಳುವಾಗ ಎಡಗೈಯಿಂದ ಗೋಡೆ ಹಿಡಿದಳು.

ಮೈಲಾರಿ ಆ ಕೈಯನ್ನೇ ನೋಡಿದ. ಮುಖ ತುಂಬಿಕೊಂಡಿತ್ತು, ಕೆನ್ನೆ ಕೆಂಪಾಗಿತ್ತು, ಚಾಳಿನವರೆಲ್ಲ ಕಸ್ತೂರಿ ಈಗೀಗ ಚಂದ ಆಗಿದ್ದಾಳೆ ಅನ್ನುತ್ತಿದ್ದರು. ಬಳೆ ಮಾತ್ರ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿತ್ತು. ಅದನ್ನು ಅವನು ದಿನವೂ ನೋಡಿದ್ದ, ಇಂದು ಮೊದಲ ಸಲ ಕಂಡ.

"ಹೊಟ್ಟಿ ತೋರಸು," ಅಂದ.

"ಏನ್ರಿ ಇದು, ದೀಪಾ ಹಚ್ಚೂ ಹೊತ್ತಿನ್ಯಾಗ," ಎಂದು ಆಕೆ ನಕ್ಕಳು. ಅವನು ನಗಲಿಲ್ಲ. ಆಕೆ ಸೆರಗು ಸರಿಸಿದಳು. ಸೊಂಟದಿಂದ ಮೇಲಕ್ಕೆ ನೇರಳೆ ಬಣ್ಣದ ಅಗಲ ಗೆರೆಗಳು ಹರಿದಿದ್ದವು.

ಇದರ ಹಿಂದೆ ಒಂದು ಕಥೆಯಿದೆ. ತಾಯತ ಬಂದ ವರ್ಷವೇ ಮೈಲಾರಿಯ ದೀಪ ಎರಡು ಸಲ ಕೆಂಪಾಗಿತ್ತು. ಘಟ್ಟದಲ್ಲಿ ಯಾವ ಗಂಡಸಿನ ದೀಪ ಹಸಿರಾಗಿ ಉಳಿದೀತು? ಇನ್ನೊಂದು ಸಲವಾದರೆ ಬಸ್ಸು ತೊಳೆಯುವ ಕೆಲಸ. ಆಗ ಕಸ್ತೂರಿಯೇ ಅವನ ರಟ್ಟೆಯಿಂದ ಅದನ್ನು ಬಿಚ್ಚಿ ತನಗೆ ಕಟ್ಟಿಕೊಂಡಿದ್ದಳು. ಅದರಲ್ಲಿ ಆಕೆಗೆ ತಪ್ಪೇನೂ ಕಂಡಿರಲಿಲ್ಲ. "ನಿಮ್ಮ ಹೆಸರಿನ ಸೋಮವಾರ ನಾ ಹಿಡಿಯೂದಿಲ್ಲೇನು? ಹರಕಿ ನಿಮ್ಮದು, ಉಪಾಸ ನಂದು. ದೇವರು ಒಪ್ಪಿದ್ದನ್ನ ಈ ಡಬ್ಬಿ ಒಪ್ಪೂದಿಲ್ಲೇನು?" ಅಂದಿದ್ದಳು. ಡಬ್ಬಿ ಒಪ್ಪಿತು. ಒಂದು ಮನೆಯ ಉಪಾಯ ನಳದ ಕಟ್ಟೆಯಲ್ಲಿ ಎಲ್ಲ ಮನೆಗಳ ಉಪಾಯವಾಯಿತು. ಗಂಡಸರು ಅಂಗಿಯ ತೋಳಿನೊಳಗೆ ಉಬ್ಬು ಕಾಣಲೆಂದು ತಂಬಾಕಿನ ಸುಣ್ಣದ ಡಬ್ಬಿ ಕಟ್ಟಿಕೊಂಡು ಡ್ಯೂಟಿಗೆ ಹೋಗುತ್ತಿದ್ದರು. ಕಣ್ಗಾವಲು ಕೊಠಡಿಗೆ ಹೋಗುವ ದಿನ ಮಾತ್ರ ತಾಯತ ಗಂಡನ ರಟ್ಟೆಗೆ ಬರುತ್ತಿತ್ತು.

"ಅದು ನಿನ್ನ ಗೆರಿ, ಕಸ್ತೂರಿ. ಡಾಕ್ಟರು ಒಂದೊಂದs ಹೇಳಿದ್ರು, ಎಲ್ಲಾ ನಿಂದs," ಮೈಲಾರಿ ಹೇಳಿದ. "ಎದಿಗೆ ಕುತ್ತು ಐತಂತ. ನಾ ನಾಳೆ ಹೋಗಿ ಖರೇ ಹೇಳ್ತೇನಿ."

ಕಸ್ತೂರಿಗೆ ಅದರಲ್ಲಿ ಒಂದೇ ಕೇಳಿಸಿತು. "ಅಂದ್ರ ನನ್ನಿಂದs ನಿಮಗ ಕೆಂಪು ಬಂತೇನ್ರಿ? ನನಗ ಗೊತ್ತಿತ್ತು. ನನ್ನ ಮನಸ್ಸ ಚಲೋ ಇಲ್ರಿ. ಯಾರ ಮ್ಯಾಲೂ ಸಿಟ್ಟಿಲ್ಲ ಅಂತೀನಿ, ಒಳಗ ಎಲ್ಲೋ ಕುಂತಿರ್ತೈತಿ. ಎರಡು ತಿಂಗಳಾತು, ನಿದ್ದಿನೂ ಇಲ್ಲ."

"ಮನಸ್ಸಲ್ಲ ಹುಚ್ಚಿ, ಬ್ಯಾನಿ."

"ನೀವು ಖರೇ ಹೇಳಿದ್ರ ಚಾಳಿನ್ಯಾಗ ಒಬ್ಬರ ಡ್ಯೂಟಿನೂ ಉಳ್ಯಾಂಗಿಲ್ಲ. ಗಿರಿಜಾನ ಗಂಡಗ ಮೊನ್ನೆನs ಕಾಯಂ ಆಗೇತಿ. ಆಕಿ ಮಾರಿ ಹೆಂಗ ನೋಡ್ಲಿ ನಾ?" ಕಸ್ತೂರಿ ಅವನ ರಟ್ಟೆಗೆ ಕೈ ಹಾಕಿ ಹೊಸ ತಾಯತ ಬಿಚ್ಚಿದಳು. "ಐತವಾರ ನಿಮಗ ಸೂಟಿ. ಬ್ಯಾರೆ ಯಾರರೆ ಡಾಕ್ಟರಿಗೆ ತೋರಸೂಣು. ನಾಕು ದಿನದಾಗ ಏನ್ ಆಗ್ತೈತಿ?"

ಮೈಲಾರಿ ಬೇಡ ಅನ್ನಬೇಕಿತ್ತು. ನಾವು ನೀವು ಆಗಿದ್ದರೂ ಬಹುಶಃ ಅನ್ನುತ್ತಿರಲಿಲ್ಲ. ಅವನು ಸುಮ್ಮನೆ ಪಟ್ಟಿಯನ್ನು ಆಕೆಯ ರಟ್ಟೆಗೆ ಸುತ್ತಿದ. ಹಳೆಯ ತೂತಿಗೆ ಅದು ನಿಲ್ಲಲಿಲ್ಲ, ಒಳಗಿನ ತೂತಿಗೆ ಹಾಕಬೇಕಾಯಿತು.

ಕುತ್ತು ಐತವಾರದವರೆಗೆ ಕಾಯಲಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ಕಣ್ಗಾವಲು ಕೊಠಡಿಯಲ್ಲಿ ಗಂಟೆ ಹೊಡೆಯಿತು. ವಾರಿಜಾ ಮೊಸರನ್ನದ ಡಬ್ಬಿ ಬಿಟ್ಟು ಎದ್ದರು. ಪರದೆಯ ಮೇಲೆ ಮೈಲಾರಿ ಬಾರ್ಕೇರನ ನಾಡಿ ಮೂರು ಸಲ ಎಡವಿ, ಆಮೇಲೆ ದಿಕ್ಕು ತಪ್ಪಿ ಓಡತೊಡಗಿತು. ಹೊಸ ತಾಯತ ಕೂಡ ಅದೇ ಹೇಳುತ್ತಿದೆ ಅಂದರೆ ಯಂತ್ರ ಕೆಟ್ಟಿರಲಿಲ್ಲ. ಕೆಟ್ಟದ್ದು ತಮ್ಮ ಪರೀಕ್ಷೆ. ಆ ಮನುಷ್ಯನನ್ನು ತಾವೇ ಡ್ಯೂಟಿಗೆ ಕಳಿಸಿದ್ದರು.

"ಬಸ್ ಎಲ್ಲದ?"

"ಘಟ್ಟದ ನಡುವ ಐತ್ರಿ," ನದಾಫ ಅಂದರು. "ಯಂತ್ರ ತಾನs ನಿಲ್ಲಿಸೇತಿ. ಯಲ್ಲಾಪುರದ ಅಂಬುಲೆನ್ಸ್ ಹೊಂಟೇತ್ರಿ."

ಎಲ್ಲವೂ ಎಷ್ಟು ಚೊಕ್ಕವಾಗಿ ನಡೆಯಿತೆಂದರೆ, ಅದನ್ನು ರೂಪಿಸಿದವರಿಗೆ ಬಹುಮಾನ ಕೊಡಬಹುದಿತ್ತು. ಘಟ್ಟದಲ್ಲಿ ಬಸ್ಸು ಮೆಲ್ಲಗೆ ಅಂಚಿಗೆ ಸರಿದು ನಿಂತಿತು. ಸ್ಟೇರಿಂಗಿನ ಮುಂದಿನ ಪರದೆಯಲ್ಲೂ ಪ್ರಯಾಣಿಕರ ಮುಂದಿನ ಪರದೆಯಲ್ಲೂ ಒಟ್ಟಿಗೆ ಅಕ್ಷರ ಮೂಡಿತು: ಚಾಲಕರಿಗೆ ಹೃದಯಾಘಾತವಾಗಿದೆ, ಸಹಾಯ ಬರುತ್ತಿದೆ, ಅವರನ್ನು ಮಲಗಿಸಿ.

ಮೈಲಾರಿ ಅದನ್ನು ಓದಿದ. ತನ್ನ ಎದೆ ಮುಟ್ಟಿ ನೋಡಿಕೊಂಡ. ಅದು ಸರಿಯಾಗಿ ಬಡಿಯುತ್ತಿತ್ತು. ಆಗ ಅವನ ಬಾಯಿಂದ ಬಂದ ಕೂಗನ್ನು ಕೇಳಿ ಹಿಂದಿನ ಸೀಟಿನವರು ನೋವಿಗೆ ಕೂಗಿದನೆಂದೇ ತಿಳಿದರು.

ನಾಲ್ಕಾರು ಜನ ಬಂದು ಅವನನ್ನು ಹಿಡಿದುಕೊಂಡರು. ಒಬ್ಬರು ಕಾಲು ಹಿಡಿದರು, ಒಬ್ಬರು ಭುಜ ಒತ್ತಿದರು, ಮುದುಕಿಯೊಬ್ಬಳು ಸೆರಗಿನಿಂದ ಗಾಳಿ ಬೀಸಿದಳು.

"ಬಿಡ್ರಿ ನನ್ನ, ನನಗೇನೂ ಆಗಿಲ್ರಿ!"

"ಹಂಗs ಅನಸ್ತೈತಿ ತಮ್ಮಾ. ಮಾತಾಡಬ್ಯಾಡ, ಸುಮ್ನ ಮಕ್ಕೋ," ಎಂದು ಕಾಲು ಹಿಡಿದವರು ಪ್ರೀತಿಯಿಂದ ಇನ್ನಷ್ಟು ಒತ್ತಿದರು. ಯಾರೋ ತಾಯತ ನೋಡೋಣವೆಂದು ಅವನ ತೋಳು ಮಡಚಿದರು. ಒಳಗಿಂದ ಸುಣ್ಣದ ಡಬ್ಬಿ ಬಿದ್ದು ಬಸ್ಸಿನ ನೆಲದ ಮೇಲೆ ಉರುಳಿತು. ಎಲ್ಲರೂ ಅದನ್ನು ನೋಡುತ್ತ ಬೆಪ್ಪಾದ ಒಂದು ಗಳಿಗೆಯಲ್ಲಿ ಮೈಲಾರಿ ಕೈ ಬಿಡಿಸಿಕೊಂಡು ಫೋನು ತೆಗೆದ. ಮನೆಗೆ ಮಾಡಿದ, ಯಾರೂ ಎತ್ತಲಿಲ್ಲ, ಕಣ್ಗಾವಲು ಕೊಠಡಿಗೆ ಮಾಡಿದ.

"ಅಕ್ಕಾರ, ನಾನ್ರಿ, ಮೈಲಾರಿ."

ವಾರಿಜಾ ಫೋನನ್ನೂ ಪರದೆಯನ್ನೂ ನೋಡಿದರು. ಪರದೆಯ ಮೇಲೆ ಮೈಲಾರಿ ಸಾಯುತ್ತಿದ್ದ. ಫೋನಿನಲ್ಲಿ ಮೈಲಾರಿ ಮಾತಾಡುತ್ತಿದ್ದ.

"ನನಗಲ್ರಿ ಅಕ್ಕಾರ, ಆಕಿಗೆ. ನನ್ನ ಹೇಣ್ತಿಗೆ. ತಾಯತ ಆಕಿ ಕೈಯಾಗೈತ್ರಿ. ಮನ್ಯಾಗ ಒಬ್ಬಾಕೀನs ಅದಾಳ, ಫೋನ್ ಎತ್ತವಲ್ಲಳು. ನೀವು ಹೇಳಿದ್ದು ಎಲ್ಲಾ ಆಕಿಗೈತ್ರಿ, ನಾ ಹೇಳಲಿಲ್ರಿ..."

ಮುಂದಿನದು ಅಳುವಿನಲ್ಲಿ ಮುಳುಗಿತು. ಅಂಬುಲೆನ್ಸು ಘಟ್ಟದ ಕಡೆಗೆ ಓಡುತ್ತಿತ್ತು. ಸಾಯುತ್ತಿದ್ದವಳು ಈ ಕೊಠಡಿಯಿಂದ ಎರಡು ಓಣಿ ಆಚೆ ಇದ್ದಳು. ವಾರಿಜಾ ಗೋಡೆಗೆ ತೂಗುಹಾಕಿದ್ದ, ಎದೆಗೆ ವಿದ್ಯುತ್ತಿನ ಪೆಟ್ಟು ಕೊಡುವ ಪೆಟ್ಟಿಗೆಯನ್ನು ಕಿತ್ತುಕೊಂಡು ಹೊರಗೆ ಓಡಿದರು. ನದಾಫ ಕಾರು ತೆಗೆದರು.

ಚಾಳಿನಲ್ಲಿ ಕಸ್ತೂರಿ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಬಿದ್ದಿದ್ದಳು. ಪಕ್ಕದ ಮನೆಯ ಗಿರಿಜಾ ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ವಾರಿಜಾ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಹುಣ್ಣಿಮೆಯಂಥ ಮುಖ, ಕುತ್ತಿಗೆಯ ಹಿಂದೆ ಗಂಟು, ಒಣಗಿದ ಕೈ, ಕೈ ತುಂಬ ನೀಲಿ ಕಲೆ. ಮೂವತ್ತು ವರ್ಷ ಪಾಠ ಹೇಳಿದ ಚಿತ್ರವೇ ನೆಲದ ಮೇಲೆ ಬಿದ್ದಿತ್ತು. ಅದರ ರಟ್ಟೆಯಲ್ಲಿ, ತಾವೇ ಬೇರೆಯವನಿಗೆ ಕಟ್ಟಿದ್ದ ತಾಯತ ಕೆಂಪಗೆ ಮಿನುಗುತ್ತಿತ್ತು.

"ಅಂಗಳಕ್ಕ ತರ್ರಿ, ಇಲ್ಲೆ ಜಾಗಾ ಸಾಲೂದಿಲ್ಲ. ಎಲ್ಲಾರೂ ಹಿಡೀರಿ!"

ಅಂಗಳದಲ್ಲಿ ಸೇರಿದ್ದ ಹೆಂಗಸರು ನುಗ್ಗಿ ಬಂದರು. ಕಸ್ತೂರಿಯ ಕೆಳಗೆ ಕೈಗಳು ಚಾಚಿದವು. ಹಿಟ್ಟು ಮೆತ್ತಿದ ಕೈ, ಸೋಪಿನ ನೊರೆಯ ಕೈ, ಬಳೆಯ ಕೈ. ಸೆರಗು ಸರಿದಂತೆಲ್ಲ ಪ್ರತಿ ಕೈಯ ರಟ್ಟೆಯಲ್ಲೂ ಒಂದು ಪುಟ್ಟ ಡಬ್ಬಿ ಕಾಣಿಸಿತು. ಪ್ರತಿಯೊಂದರಲ್ಲೂ ದೀಪ.

ವಾರಿಜಾ ಪೆಟ್ಟಿಗೆಯ ಅಂಟುಪಟ್ಟಿಗಳನ್ನು ಕಸ್ತೂರಿಯ ಎದೆಗೆ ಹಚ್ಚುತ್ತಿದ್ದರು. ಕೈ ತನ್ನ ಕೆಲಸ ಮಾಡುತ್ತಿತ್ತು, ತಲೆ ಒಂದು ಗಳಿಗೆ ನಿಂತೇಹೋಯಿತು. "ನಾಲ್ಕಕ್ಕ ಏನ್ ಮಾಡ್ತೀರಿ ನೀವು?" ಎಂದು ಕೇಳಿದ್ದು ತಮ್ಮದೇ ದನಿಯೆಂದು ಅವರಿಗೆ ಆಮೇಲೆ ತಿಳಿಯಿತು.

"ಏನ್ರಿ?" ಗಿರಿಜಾ ಅಳುತ್ತಲೇ ಕೇಳಿದಳು.

"ಮುಂಜಾನೆ ನಾಲ್ಕಕ್ಕ."

"ರೊಟ್ಟಿ ಬಡೀತೇವ್ರಿ. ಅವರ ಬುತ್ತಿಗೆ. ಒಲಿ ಹಚ್ಚಬೇಕಲ್ರಿ."

ಗುಡ್ಡ ಕುಸಿಯಿತು. ರಜೆಯ ದಿನ ಗೆರೆ ಏಕೆ ಏರುತ್ತಿತ್ತು, ಗಂಡಸು ಮನೆಯಲ್ಲಿರುವ ದಿನ ಹೆಂಗಸಿನ ಕೆಲಸ ಎಷ್ಟಾಗುತ್ತದೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ರುದ್ರಗೌಡನ ಗೆರೆ ಸತ್ತ ಮೇಲೂ ಹಸಿರಾಗಿ ಓಡಿದ್ದು, ಆಮೇಲೆ ಒಮ್ಮೆಲೆ ಆಕಾಶಕ್ಕೆ ಜಿಗಿದದ್ದು ವಾರಿಜಾ ಅವರಿಗೆ ನೆನಪಾಯಿತು. ಗಡಿಯಾರ ಹಿಂದೆ ಬಿದ್ದಿರಲಿಲ್ಲ. ಆ ಹೊತ್ತಿಗೆ ಅವನ ಹೆಂಡತಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಇಷ್ಟು ವರ್ಷ ಅವರು ಒಬ್ಬ ಚಾಲಕನ ಹೃದಯವನ್ನೂ ನೋಡಿರಲಿಲ್ಲ. ನೋಡಿದ ಹೃದಯಗಳ ಹೆಸರು ಅವರಿಗೆ ಗೊತ್ತಿರಲಿಲ್ಲ.

"ದೂರ ಸರೀರಿ," ಅಂದರು. ಗುಂಡಿ ಒತ್ತಿದರು. ಕಸ್ತೂರಿಯ ಮೈ ಎಗರಿ ಬಿತ್ತು. ಹೆಂಗಸರು ಚೀರಿದರು.

ಅದೇ ಗಳಿಗೆಯಲ್ಲಿ ನದಾಫರ ಫೋನು ಬಡಿದುಕೊಳ್ಳತೊಡಗಿತು. ಕಣ್ಗಾವಲು ಕೊಠಡಿಯಿಂದ ಕರೆ. ಗೋಡೆಯ ಮೇಲಿನ ಗೆರೆಗಳೆಲ್ಲ ಒಟ್ಟಿಗೆ ಎದ್ದು ನಿಂತಿದ್ದವು. ದೀಪಗಳು ಒಂದರ ಹಿಂದೊಂದು ಕೆಂಪಾಗುತ್ತಿದ್ದವು. ಯಲ್ಲಾಪುರದ ಬಳಿ ಒಂದು ಬಸ್ಸು ನಿಂತಿತು, ಕಲಘಟಗಿಯಲ್ಲಿ ಇನ್ನೊಂದು, ಘಟ್ಟದಲ್ಲಿ ಏರುತ್ತಿದ್ದವು, ಇಳಿಯುತ್ತಿದ್ದವು, ಸಂಘದ ಬಸ್ಸುಗಳೆಲ್ಲ ಅಂಚಿಗೆ ಸರಿದು ನಿಂತವು. ಎಲ್ಲ ಚಾಲಕರಿಗೂ ಏಕಕಾಲಕ್ಕೆ ಏನಾಯಿತು ಎಂದು ಕೊಠಡಿಯವರು ಕೇಳುತ್ತಿದ್ದರು. ಹುಬ್ಬಳ್ಳಿಯ ಒಂದು ಅಂಗಳದಲ್ಲಿ ಹೆಂಗಸರು ಹೆದರಿದ್ದರು, ಅಷ್ಟೇ ಆಗಿತ್ತು. ನದಾಫ ಫೋನು ಇಟ್ಟರು.

ವಾರಿಜಾ ಎರಡನೆಯ ಸಲ ಗುಂಡಿ ಒತ್ತಿದರು. ಆಮೇಲೆ ಎರಡೂ ಅಂಗೈಯಿಂದ ಎದೆ ಒತ್ತಿದರು. ಅವರ ಕೈ ಸೋತಾಗ ಗಿರಿಜಾ ಒತ್ತಿದಳು, ಆಕೆ ಸೋತಾಗ ಇನ್ನೊಬ್ಬಳು. ರೊಟ್ಟಿ ಬಡಿದ ಕೈಗಳು ಬೇಗ ಸೋಲಲಿಲ್ಲ. ಕಡೆಗೊಮ್ಮೆ ಕಸ್ತೂರಿಯ ರಟ್ಟೆಯ ಮೇಲಿನ ದೀಪ ಮಿನುಗುವುದನ್ನು ಬಿಟ್ಟು ನಿಂತು ಉರಿಯಿತು. ಕೆಂಪೇ. ಆದರೆ ನಾಡಿ ಇತ್ತು.

ಮೈಲಾರಿ ಆಸ್ಪತ್ರೆಗೆ ಬಂದದ್ದು ತನಗಾಗಿ ಕಳಿಸಿದ್ದ ಅಂಬುಲೆನ್ಸಿನಲ್ಲೇ. ಬೇರೆ ಬಸ್ಸೊಂದೂ ಓಡುತ್ತಿರಲಿಲ್ಲ.

ಮರುದಿನ ವಾರಿಜಾ ಒಂದೇ ಆಜ್ಞೆ ಹೊರಡಿಸಿದರು: ಅವರವರ ತಾಯತ ಅವರವರ ರಟ್ಟೆಗೆ. ಡಿಪೊದಲ್ಲಿ ಗಂಡಸರು ಸಾಲಾಗಿ ನಿಂತು ತಾಯತ ಕಟ್ಟಿಕೊಂಡರು. ಕಣ್ಗಾವಲು ಕೊಠಡಿಯ ಗೋಡೆ ಮೂಲೆಯಿಂದ ಮೂಲೆಗೆ ಕೆಂಪಾಯಿತು. ಅಂದು ಘಟ್ಟಕ್ಕೆ ಬಸ್ಸೇ ಇಳಿಯಲಿಲ್ಲ. ಸಂಘದ ದೊಡ್ಡವರು ಫೋನಿನಲ್ಲಿ ಕೂಗಾಡಿದರು, ಒಬ್ಬರೂ ಘಟ್ಟ ಇಳಿಯಲು ಲಾಯಕ್ಕಿಲ್ಲವೇ ಎಂದು ಕೇಳಿದರು. "ಲಾಯಕ್ಕಿಲ್ಲದ್ದು ರಸ್ತೆ, ಮನುಷ್ಯರಲ್ಲ. ಮೂರು ಕೆಂಪಿನ ಆ ನಿಯಮ ಕಿತ್ತು ಹಾಕ್ರಿ, ಆಮ್ಯಾಲೆ ಮಾತಾಡೂಣು," ಎಂದು ವಾರಿಜಾ ಫೋನು ಕುಕ್ಕಿದರು. ಹೊಸ ಲೆಕ್ಕ ಅಂದಿನಿಂದ ಶುರುವಾಯಿತು. ಹಳೆಯದನ್ನು ಏನು ಮಾಡುವುದೆಂದು ಅವರು ಇನ್ನೂ ಯೋಚಿಸಿರಲಿಲ್ಲ.

ಕಸ್ತೂರಿಯ ಎಡ ಗ್ರಂಥಿಯಲ್ಲಿ ನಿಂಬೆಕಾಯಿಯಷ್ಟು ಗಡ್ಡೆ ಸಿಕ್ಕಿತು. ಎದೆ ಸ್ವಲ್ಪ ಚೇತರಿಸಿಕೊಂಡ ಮೇಲೆ ತೆಗೆಯಬೇಕು. ತೆಗೆದ ಕೂಡಲೇ ಎಲ್ಲ ಸರಿಹೋಗುವುದಿಲ್ಲ ಎಂದು ವಾರಿಜಾ ಮೈಲಾರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಹಾರ್ಮೋನು ಇಳಿದರೂ ರಕ್ತನಾಳಗಳು ಅಷ್ಟು ದಿನ ಪಟ್ಟ ಪಾಡನ್ನು ಬೇಗ ಮರೆಯುವುದಿಲ್ಲ, ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಮೈಲಾರಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡ. ಅವನ ರಟ್ಟೆಯಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು. ಮೊದಲ ವರ್ಷವನ್ನು ಬಿಟ್ಟರೆ ಅವನ ಹೆಸರಿನಲ್ಲಿ ಅವನದೇ ಹೃದಯದ ಸುದ್ದಿ ಕೊಠಡಿಗೆ ಹೋದದ್ದು ಆಗಲೇ.

ಕಸ್ತೂರಿ ಕಣ್ಣು ತೆರೆದಳು. ಗಂಡನನ್ನು ನೋಡಿದಳು, ಆಮೇಲೆ ಅವನ ರಟ್ಟೆಯನ್ನು ನೋಡಿದಳು.

"ಕೆಂಪಾಗೇತಲ್ರಿ," ಅಂದಳು. "ನಿಮಗ್ಯಾಕ ಕಟ್ಟ್ಯಾರ? ತರ್ರಿ ಇಲ್ಲೆ."

ಸೂಜಿ ಚುಚ್ಚಿದ ಕೈಯನ್ನು ಎತ್ತಿ ಆಕೆ ಅವನ ತಾಯತದ ಪಟ್ಟಿಗೆ ಬೆರಳು ಹಾಕಿದಳು. ಮೈಲಾರಿ ಆ ಬೆರಳುಗಳನ್ನು ಹಿಡಿದುಕೊಂಡ. "ಬ್ಯಾಡ ಕಸ್ತೂರಿ. ಇದು ನಂದು. ಇರ್ಲಿ," ಅಂದ. ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಬಂತು.

ವಾರಿಜಾ ಇನ್ನೊಂದು ತಾಯತ ತೆಗೆದರು. ಅದರ ಮೇಲೆ ನದಾಫ ಆ ಬೆಳಗ್ಗೆ ಹೆಸರು ಬರೆಸಿ ಕೊಟ್ಟಿದ್ದರು: ಕಸ್ತೂರಿ ಬಾರ್ಕೇರ. ಅದನ್ನು ಆಕೆಯ ರಟ್ಟೆಗೆ ಸುತ್ತುವಾಗ ಕಸ್ತೂರಿ ಬೇರೆಯವರ ಒಡವೆ ನೋಡುವ ಹಾಗೆ ನೋಡಿದಳು.

"ಇದು ಯಾರದ್ರಿ?"

"ನಿಂದs ಯವ್ವಾ."

"ನನಗ್ಯಾಕ್ರಿ?" ಅಂದಳು ಕಸ್ತೂರಿ. "ನಾ ಏನ್ ಬಸ್ ಹೊಡೀತೇನೇನ್ರಿ?"

ವಾರಿಜಾ ತಲೆ ತಗ್ಗಿಸಿ ಪಟ್ಟಿಯನ್ನು ಒಳಗಿನ ತೂತಿಗೆ ಬಿಗಿದು ಕಟ್ಟಿದರು.